ಒಳಗೆ ಉಳಿದ ಚೂರು

"ಪೂರ್ತಿ ತೆಗೆದಿದ್ದೀಯಾ, ಇಲ್ವಾ? ಅಷ್ಟು ಹೇಳು ರಾವಿರಿ."

ಆಕ್ಲೆಂಡಿನ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಕಾಹು ಡಾಕ್ಟರ್ ರಾವಿರಿಯ ದಾರಿಗೆ ಅಡ್ಡ ನಿಂತಳು. ಕೆಲಸದ ಮಾತು ಬಿಟ್ಟರೆ, ಎರಡು ವರ್ಷದಲ್ಲಿ ಅವಳು ಅವನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಆರು ವರ್ಷದ ಮಿಹಿಯ ಮಿದುಳಿನಿಂದ ತೆಗೆದ ಗೆಡ್ಡೆಯಲ್ಲಿ ಪರೀಕ್ಷೆ ಮುಗಿದು ಉಳಿದದ್ದನ್ನು ಆ ಬೆಳಿಗ್ಗೆ ಅಜ್ಜಿಯ ಕೈಗೆ ಕೊಟ್ಟವಳು ಕಾಹು. ತಲೆ ಪವಿತ್ರ, ತಲೆಯದ್ದು ಕಸಕ್ಕೆ ಹೋಗಬಾರದು, ತಮ್ಮ ನೆಲಕ್ಕೇ ಸೇರಬೇಕು ಎಂಬುದು ಅವರ ಜನದ ನಂಬಿಕೆ. ಎಲ್ಲಾ ಬಂತಾ ಎಂದು ಅಜ್ಜಿ ಕೇಳಿದಾಗ ಹೂಂ ಅಂದಿದ್ದಳು. ಆಮೇಲೆ ಸ್ಕ್ಯಾನ್ ನೋಡಿದಳು. ಒಂದು ಚೂರು ಒಳಗೇ ಇತ್ತು!

"ಹಿರಿಯರ ಮುಂದೆ ನನ್ನ ಕೈಲಿ ಸುಳ್ಳು ಹೇಳಿಸಿದೆ. ಹೆದರ್ಕೊಂಡು ಬಿಟ್ಟು ಬಂದ್ಯಾ?"

"ಹೂಂ, ಹೆದರಿದೆ. ಉಸಿರು, ಮಾತು ನಡೆಸೋ ನರಗಳ ಹತ್ರ ಅಂಟ್ಕೊಂಡಿತ್ತು. ಇಹಾಕನಿಗೆ ಪೂರ್ತಿ ತೆಗೆದೆ, ಕಾಹು..."

ಇಹಾಕ, ಎರಡು ವರ್ಷದ ಹಿಂದೆ ಅವನು ಆಪರೇಷನ್ ಮಾಡಿ ಅವಳು ಆರೈಕೆ ಮಾಡಿದ ಹುಡುಗ. ಇಹಾಕನ ಗೆಡ್ಡೆ ಹೋಯಿತು, ಮಾತೂ ಹೋಯಿತು. ಮತ್ತೆ ಬರಲೇ ಇಲ್ಲ.

"ಪ್ರತಿ ಆಪರೇಷನ್‌ನಲ್ಲೂ ಆ ಹುಡುಗ ನನ್ನ ಹಿಂದೆ ನಿಂತಿರ್ತಾನೆ. ಏನೂ ಹೇಳಲ್ಲ... ನಿನ್ನ ಮುಖ ನೋಡಿದ್ರೂ ಅವನೇ ಕಾಣ್ತಾನೆ."

ಇಷ್ಟಕ್ಕೇ ತಮ್ಮ ಮದುವೆ ಮುರಿದು ಮನೆ ಬಿಟ್ಟು ಹೋಗಿದ್ದನಲ್ಲ, ಪೆದ್ದ! ತನ್ನಲ್ಲೇ ಏನೋ ಕೊರತೆ ಎಂದು ಅವಳು ಎರಡು ವರ್ಷ ಅತ್ತಿದ್ದಳು.

"ನಡಿ. ಅಜ್ಜಿಗೆ ನೀನೇ ಹೇಳು."

ಮಿಹಿಯ ಹಾಸಿಗೆಯ ಪಕ್ಕ ಅಜ್ಜಿ ಗೆಡ್ಡೆಯಿದ್ದ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಅವನು ಹೇಳಿದ್ದನ್ನೆಲ್ಲ ಕೇಳಿದಳು. "ಇಷ್ಟು ದೊಡ್ಡ ಡಾಕ್ಟ್ರಿಗೆ ಬಾಯಿಲ್ವಾ? ಈ ಹುಡುಗೀನ ಕಳಿಸ್ತೀಯಾ? ಉಳಿದದ್ದು ಬೆಳೆದ್ರೆ?"

"ಬೆಳೀಬಹುದು ಅಜ್ಜಿ. ಔಷಧಿ ಕೊಡ್ತೀವಿ. ಅದನ್ನೂ ಕಿತ್ತಿದ್ರೆ ಮಾತು ಹೋಗ್ತಿತ್ತೇನೋ."

"ಈಗ ಮಾತ್ರ ಮಗು ಎಲ್ಲಿ ಮಾತಾಡ್ತಿದೆ?"

ಆಪರೇಷನ್ ಆಗಿ ಮೂರು ದಿನ, ಮಿಹಿ ತುಟಿ ಬಿಚ್ಚಿರಲಿಲ್ಲ. 'ಇವಳೂ ಇಹಾಕನ ಹಾಗೇನಾ...' ಕಾಹು ಮಗುವಿನ ಹೊದಿಕೆ ಸರಿಮಾಡಿದಳು.

ಅವನು ಅಲ್ಲೇ ಕುರ್ಚಿ ಎಳೆದು ಕೂತ. ಆ ದಿನ, ಮರುದಿನ, ಬಿಡುವಾದಾಗಲೆಲ್ಲ ಬಂದು ಕೂತ. ಕಾಹುವೂ ಕೂತಳು.

ಆಪರೇಷನ್ ಆದ ಐದನೆಯ ದಿನ ಮಧ್ಯಾಹ್ನ ಹಾಸಿಗೆಯಿಂದ ಒಣಗಿದ ದನಿಯೊಂದು ಕೇಳಿತು.

"ಅಜ್ಜಿ... ಗೊರಕೆ ಹೊಡೀಬೇಡ."

"ನಾನೆಲ್ಲಿ ಹೊಡೆದೆ, ಸುಳ್ಳಿ," ಎಂದ ಅಜ್ಜಿ ನಗುತ್ತಲೇ ಅತ್ತುಬಿಟ್ಟಳು.

ರಾವಿರಿ ಹೊರಗೆ ಬಂದು ಗೋಡೆಗೆ ಹಣೆ ಒತ್ತಿದ. ಕಾಹು ಪಕ್ಕ ನಿಂತಳು.

"ಆದ್ರೂ ಇಹಾಕ ಹೋಗಲ್ಲ ಕಾಹು."

"ಗೊತ್ತು. ನನ್ನ ಅಡುಗೆಮನೇಲೂ ನಿಂತಿರ್ತಾನೆ."

ಅವನು ತಿರುಗಿದ. "ನಿನಗೂನಾ? ಹೇಳಲೇ ಇಲ್ವಲ್ಲ..."

"ನೀನು ಕೇಳಿದ್ಯಾ? ಒಬ್ಬಳೇ ಅವನನ್ನ ನೋಡಿ ನೋಡಿ ಸಾಕಾಗಿದೆ. ಮನೆಗೆ ಬಾ."