ಕೆಂಪು ನಿಲುವಂಗಿಯ ನ್ಯಾಯಾಧೀಶ

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಗೊಳಿಸುವ ವೈಟೂಕೆ ಕೆಲಸಕ್ಕೆಂದು ಗಂಡ ಜಪಾನಿನ ಕೋಬೆಗೆ ಬಂದಿದ್ದ ಬೇಸಿಗೆ ಅದು. ಮಗಳು ನಿಧಿಯೊಡನೆ ಮ್ಯೂಸಿಯಮ್ಮಿಗೆ ಹೋಗಿದ್ದೆ. ಚಿತ್ರವೊಂದರಲ್ಲಿ ಕೆಂಪು ನಿಲುವಂಗಿಯ ಫ್ರೆಂಚ್ ನ್ಯಾಯಾಧೀಶ ನಮ್ಮನ್ನೇ ದಿಟ್ಟಿಸುತ್ತಿದ್ದ. ಇನ್ನೂರೈವತ್ತು ವರ್ಷಗಳ ಹಿಂದೆ ಸಣ್ಣ ಊರೊಂದರ ಶ್ರೀಮಂತ. ಬೆಳ್ಳಿ ಚಮಚ ಕದ್ದಳೆಂದು ಮನೆಗೆಲಸದವಳನ್ನು ಗಲ್ಲಿಗೇರಿಸಿದ್ದನಂತೆ. ಆಮೇಲೆ ಚಮಚ ಅವನ ಕೋಣೆಯಲ್ಲೇ ಸಿಕ್ಕಿತಂತೆ. ಫಲಕ ಓದಿ ನಿಧಿಗೆ ಹೇಳುತ್ತಿದ್ದಂತೆ ಕಾಲ ಕೆಳಗಿನ ನೆಲ ತಣ್ಣಗಾಯಿತು.

"ಕೆಲಸದವಳು ಅನ್ಬೇಡಮ್ಮ. ಹರ್ ನೇಮ್ ಈಸ್ ಮಾರ್ಗೋ."

ಫಲಕದಲ್ಲಿ ಹೆಸರಿರಲಿಲ್ಲ. "ಯಾರೇ ಹೇಳಿದ್ದು?"

ನಿಧಿ ಚಿತ್ರದತ್ತ ಬೆರಳು ತೋರಿಸಿದಳು.

ಕಾವಲಿನ ಮುದುಕ ಓಡಿಬಂದು ಬಾಗಿ, "ಸುಮಿಮಾಸೆನ್, ಕ್ಷಮಿಸಿ, ಅವರೆದುರು ಆ ಹೆಸರು ಬೇಡ. ನಾಚಿಕೊಳ್ತಾರೆ," ಎಂದು ನನಗೂ ತಿಳಿಯುವಷ್ಟು ಸರಳ ಜಪಾನಿಯಲ್ಲಿ ಪಿಸುಗುಟ್ಟಿದ.

ಯಾರದೋ ಮನೆಯ ಅಳು ಕದ್ದು ಕೇಳಿದವಳಂತೆ ನನಗೂ ನಾಚಿಕೆಯಾಯಿತು. ಮತ್ತೆ ನೋಡಿದರೆ ನ್ಯಾಯಾಧೀಶ ತಲೆ ತಗ್ಗಿಸಿದ್ದ. ನಾವು ಬಾಗಿಲು ದಾಟುವವರೆಗೂ ಎತ್ತಲಿಲ್ಲ.