ಸ್ಲೈಸರ್ ಒಳಗಿನ ಗೂಡು

ಅಡಿತಗಡಿನ ನಾಲ್ಕನೇ ಸ್ಕ್ರೂ ಬಿಚ್ಚಿದಾಗ ಕೊಲೆಯೊಂದು ಬೆಳಕಿಗೆ ಬಂತು. ಆದರೆ ಆ ಕ್ಷಣ ನನಗೆ ಬಂದದ್ದು ಬರೀ ಸಿಟ್ಟು.

ಮಾಂಸವನ್ನು ತೆಳುವಾಗಿ ಹೋಳು ಮಾಡುವ ಹಳೇ ಸ್ಲೈಸರ್ ಅದು. ಹಿಂದಿನ ದಿನವಷ್ಟೇ ಕೊಂಡು ತಂದಿದ್ದೆ. ಹಳೇ ಯಂತ್ರ ಬಿಚ್ಚಿ, ಉಜ್ಜಿ, ಹೊಸದರಂತೆ ಮಾಡಿ ಮಾರುವುದು ನನ್ನ ಕಸುಬು. ನನಗೆ ಹಿಂದಿಲ್ಲ ಮುಂದಿಲ್ಲ. ಬೈಯಬೇಕೆಂದರೂ ಯಂತ್ರಗಳೇ ಗತಿ. ಇದು ಹೊರಗೆ ಥಳಥಳ ಹೊಳೆಯುತ್ತಿತ್ತು. ಒಳಗೆ ನೋಡಿದರೆ ಬೆಲ್ಟು ತುಂಡಾಗಿತ್ತು. ಪುಲ್ಲಿಯನ್ನೂ ಮೋಟಾರನ್ನೂ ಸೇರಿಸಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು.

"ಚೆನ್ನಾಗಿ ಟೋಪಿ ಹಾಕಿದ್ಯಲ್ಲಪ್ಪ," ಎಂದು ಯಂತ್ರವನ್ನೇ ಬೈದು, ಗೂಡು ಕೆರೆಯಲು ಉಳಿ ಎತ್ತಿದೆ. ಕೈ ಅಲ್ಲೇ ನಿಂತಿತು.

ಹನ್ನೆರಡು ದಿನಗಳ ಹಿಂದೆ ಇದೇ ಯಂತ್ರ ತಿರುಗಿ, ಮಾಂಸದಂಗಡಿಯವರ ಕೈ ಕೊಯ್ದು ಕೊಂದಿತ್ತು. ಎಲ್ಲರೂ ಹೇಳುತ್ತಿದ್ದದ್ದು ಹಾಗೆ.

*

ಯಂತ್ರ ಮಾರಿದ್ದು ಅವರ ಮಗಳು. ಅಂಗಡಿಯ ಹೊಸ್ತಿಲಾಚೆಯೇ ನಿಂತಿದ್ದಳು.

"ಲೈಟ್ ನೀವೇ ಹಾಕ್ಕೊಳ್ಳಿ. ನಾನು ಸ್ವಿಚ್ ಮುಟ್ಟಲ್ಲ."

"ಯಾಕಮ್ಮ?"

"ತಿಂಗಳಿಗೊಂದ್ಸಲ ಬಂದು ಅಂಗಡಿ ಗುಡಿಸಿ ಒರೆಸ್ತಿದ್ದೆ. ಅವತ್ತು ನಾನು ಗೋಡೆ ಸ್ವಿಚ್ ಆರಿಸೋದು ಮರೆತು ಹೋಗಿದ್ದೆನಂತೆ. ಅಪ್ಪ ಬ್ಲೇಡ್ ಒರೆಸುವಾಗ ಯಂತ್ರದ ಗುಂಡಿಗೆ ಕೈ ತಗುಲಿ ಚಾಲೂ ಆಯ್ತಂತೆ."

"ಯಾರು ಹೇಳಿದ್ದು?"

"ಚಿಕ್ಕಪ್ಪ. ಅವರ ಮನೆ ಅಂಗಡಿ ಮೇಲೇನೇ. ಓಡಿಬಂದು ಆರಿಸಿದ್ದು ಅವರೇ." ಸ್ವಿಚ್ಚಿನ ಕಡೆಯಿಂದ ಮುಖ ತಿರುಗಿಸಿದಳು. "ಅಪ್ಪನ್ನ ನಾನೇ ಕೊಂದೆ. ಅವತ್ತಿಂದ ಮನೇಲೂ ದೀಪ ಹಾಕಿಲ್ಲ."

ಮನುಷ್ಯರ ಜೊತೆ ಮಾತಾಡಿ ಅಭ್ಯಾಸ ತಪ್ಪಿಹೋಗಿತ್ತು. ಯಂತ್ರ ಹೊತ್ತುಕೊಂಡು ಬಂದುಬಿಟ್ಟೆ.

*

ನಾನು ಠಾಣೆಗೆ ಫೋನ್ ಮಾಡಿದ ಮೇಲೆ ಗೂಡು ನೋಡಲು ಇನ್‌ಸ್ಪೆಕ್ಟರಮ್ಮ ಬಂದರು. ಸುಲಭಕ್ಕೆ ನಂಬುವ ಹೆಂಗಸಲ್ಲ.

"ಯಂತ್ರ ಬದಲಾಗಿರಬಹುದಲ್ಲ?"

ತಗಡಿನ ಮೇಲಿದ್ದ ನಂಬರು ತೋರಿಸಿದೆ. ಅವರ ಫೈಲಿನ ಫೋಟೋದಲ್ಲೂ ಅದೇ ನಂಬರು.

"ಸಾವಾದ ಮೇಲೆ ಹುಳು ಗೂಡು ಕಟ್ಟಿರಬಹುದು."

"ಈ ಮೂರು ತೂತು ನೋಡಿ ಮೇಡಂ. ಮರಿಗಳು ಬೆಳೆದು, ಕೊರೆದು ಹಾರಿಹೋಗಿವೆ. ಅದಕ್ಕೆ ಹನ್ನೆರಡು ದಿನ ಸಾಲೋದಿಲ್ಲ. ಯಂತ್ರ ಒಂದೇ ಒಂದು ಸುತ್ತು ತಿರುಗಿದ್ರೂ ಇದು ಪುಡಿಯಾಗ್ತಿತ್ತು."

ಅವರು ಬ್ಲೇಡಿನ ಅಂಚನ್ನು ದಿಟ್ಟಿಸಿದರು. "ನಿಂತ ಬ್ಲೇಡೂ ಕೊಯ್ಯುತ್ತಲ್ರೀ."

ಅದೂ ನಿಜವೇ.

"ಆ ಚಿಕ್ಕಪ್ಪನ್ನೇ ಕೇಳಿಬಿಡೋಣ," ಎಂದರು.

*

ಮರುದಿನ ಬೆಳಿಗ್ಗೆ ನನ್ನ ಷೆಡ್ಡಿನಲ್ಲಿ ಎರಡೇ ಸ್ಟೂಲು. ಒಂದರ ಮೇಲೆ ಮಗಳು, ಇನ್ನೊಂದರ ಮೇಲೆ ಚಿಕ್ಕಪ್ಪ. ಅಷ್ಟು ಜನ ಅಲ್ಲಿ ಸೇರಿ ಎಷ್ಟು ವರ್ಷವಾಗಿತ್ತೋ!

"ನಿಮ್ಮಣ್ಣ ನಿಂತ ಬ್ಲೇಡಿಗೇ ಕೈ ತಗುಲಿಸ್ಕೊಂಡಿರಬಹುದಲ್ವಾ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಛೇ, ಇಲ್ಲ ಮೇಡಂ! ಗುರ್ ಅಂತ ಸದ್ದು ಮಹಡಿಗೂ ಕೇಳಿಸ್ತು. ಇಳಿದುಬಂದಾಗ ಇನ್ನೂ ತಿರುಗ್ತಿತ್ತು. ಆರಿಸಿದ್ದೇ ನಾನು. ಪಾಪ, ಈ ಹುಡುಗಿ ಮರೆತದ್ದು..."

"ಕಣ್ಣಾರೆ ಕಂಡ್ರಾ?"

"ಕಣ್ಣಾರೆ ಕಂಡೆ."

ನಾನು ಯಂತ್ರವನ್ನು ಮಗುಚಿದೆ. ಗೂಡು ಹಾಗೇ ಇತ್ತು. ಅವನು ಅದನ್ನು ನೋಡಿದ, ತುಂಡು ಬೆಲ್ಟನ್ನು ನೋಡಿದ. ಮುಖ ಬಿಳಿಚಿಕೊಂಡಿತು.

"ಇದು ನಿಂತು ಎಷ್ಟು ಕಾಲವಾಯ್ತೋ," ಎಂದೆ. "ನಿಮ್ಮಣ್ಣ ಚೂರಿ ಹಿಡಿದು ಕೈಯಲ್ಲೇ ಮಾಂಸ ಕೊಯ್ದು ಮಾರ್ತಿದ್ದಿರಬೇಕು. ಗಿರಾಕಿಗಳಿಗೆ ಗೊತ್ತಾಗಬಾರದೂಂತ ದಿನಾ ಯಂತ್ರದ ಹೊರಮೈ ಉಜ್ಜಿ ಇಡ್ತಿದ್ರು. ನೀವೂ ಆ ಹೊಳಪು ನೋಡಿಯೇ ಮೋಸಹೋದ್ರಿ."

"ಕೆಟ್ಟ ಯಂತ್ರದ ಸದ್ದು ನಿಮಗೊಬ್ಬರಿಗೇ ಕೇಳಿಸಿದ್ದು ಹೇಗೆ?" ಇನ್‌ಸ್ಪೆಕ್ಟರಮ್ಮ ಕೇಳಿದರು.

ಅವನು ತಲೆ ತಗ್ಗಿಸಿದ. ಕಟ್ಟಡ ಮಾರೋಣವೆಂದರೆ ಅಣ್ಣ ಒಪ್ಪಲಿಲ್ಲವಂತೆ. ಮಾತಿಗೆ ಮಾತು ಬೆಳೆದು ಚೂರಿ ಬೀಸಿದನಂತೆ. ಅಣ್ಣ ಕೈ ಅಡ್ಡ ಹಿಡಿದರು. ರಕ್ತ ಹರಿಯುವಾಗ ಯಾರನ್ನೂ ಕೂಗದೆ, ಅದನ್ನೇ ಬ್ಲೇಡಿಗೆ ಬಳಿದ. ಸ್ವಿಚ್ಚಿನ ಕಥೆ ಆಮೇಲೆ ಹೊಳೆಯಿತು.

*

ಅವನನ್ನು ಕರೆದೊಯ್ದ ಮೇಲೂ ಮಗಳು ಎದ್ದಿರಲಿಲ್ಲ.

"ಯಂತ್ರ ಕೆಟ್ಟದ್ದನ್ನ ಅಪ್ಪ ನಿನಗೂ ಹೇಳಿರಲಿಲ್ವಾ?"

"ಏನು ಕೇಳಿದ್ರೂ 'ಎಲ್ಲ ಚೆನ್ನಾಗಿದೆ' ಅಂತಿದ್ರು. ನಾನೂ ಹ್ಞೂಂ ಅಂದು ಹೋಗ್ತಿದ್ದೆ." ಈಗ ಅಳು ಬಂತು. "ಹಾಗಾದ್ರೆ ನಾನಲ್ವಾ?"

"ನೀನಲ್ಲ ತಾಯಿ."

ಗೂಡನ್ನೂ ತುಂಡು ಬೆಲ್ಟನ್ನೂ ಇನ್‌ಸ್ಪೆಕ್ಟರಮ್ಮನವರು ಪೆಟ್ಟಿಗೆಯಲ್ಲಿ ಒಯ್ದು, ಯಂತ್ರದ ಫೋಟೋ ತೆಗೆದು ಅದನ್ನು ನನಗೇ ಬಿಟ್ಟಿದ್ದರು. ನಾನು ಹೊಸ ಬೆಲ್ಟು ಹಾಕಿದೆ. ಮೋಟಾರು ಒರೆಸಿದೆ, ಎಣ್ಣೆ ಬಿಟ್ಟೆ. ಅವಳು ನೋಡುತ್ತಾ ಕೂತಿದ್ದಳು. ಕೆಲಸ ಬೇಕೆಂದೇ ನಿಧಾನ ಮಾಡಿದೆ, ಮುಗಿದರೆ ಎದ್ದುಹೋಗುತ್ತಾಳಲ್ಲ.

ಕೊನೆಗೆ ಪ್ಲಗ್ ಚುಚ್ಚಿ, ಗೋಡೆಯ ಸ್ವಿಚ್ಚಿಗೆ ಕೈ ಚಾಚಿದೆ.

"ತಾಳಿ," ಎಂದಳು. ಎದ್ದು ಬಂದು, ಸ್ವಿಚ್ಚನ್ನು ತಾನೇ ಒತ್ತಿದಳು.