ಮೂರನೇ ನಂಬರ್ ಮೆಷಿನ್ನಿನ ಸದ್ದು

"ನಿನ್ನ ಗಂಟಲು ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರ್ಲಿಲ್ಲ ಕಣೇ! ಆದ್ರೆ ಕೊನೇಲಿ ಯಾಕೆ ಹಾಗೆ ಕಿರ್ ಅಂತು?"

ಇಸ್ತ್ರಿ ಅಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವಳ ಹಿಂದೆ ಇನ್ನೂ ಮೂರು ಮುಖ. ನನ್ನ ಕೈಯಲ್ಲಿದ್ದ ಒದ್ದೆ ಬೆಡ್‌ಶೀಟು ಜಾರಿ ನೆಲಕ್ಕೆ ಬಿತ್ತು.

ಕಿವಿಗೆ ತುರುಕಿದ್ದ ಹತ್ತಿ ತೆಗೆದೆ. ಮೂರನೇ ನಂಬರ್ ಮೆಷಿನ್ನು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ ತಿರುಗುತ್ತಿತ್ತು. ನಿನ್ನೆಯವರೆಗೆ ಗುಡುಗುತ್ತಿದ್ದದ್ದು ಇದೇನಾ?

ಹೋಟೆಲಿನ ಲಾಂಡ್ರಿ ಕೆಲಸವೆಂದರೆ ಅತ್ತಿಗೆಗೆ ನಾಚಿಕೆ. ನನಗೋ ಹುಡುಕಿ ಹುಡುಕಿ ಸಿಕ್ಕ ನಿಧಿ. ಕಾಲ್ ಸೆಂಟರಿನಲ್ಲಿ ಮಾತಾಡಿ ಗಂಟಲು ಹೋಗಿತ್ತು, ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ನಕ್ಕು ನಕ್ಕು ಜೀವ ಹೋಗಿತ್ತು. ಎರಡು ಕೋಣೆಯ ಮನೆಯಲ್ಲಿ ಗುನುಗಿದರೂ ಅಣ್ಣನ ಮಗು ಎದ್ದು ಅಳುತ್ತದೆ. ಇಲ್ಲಿ ಮಾತ್ರ ಆ ಗದ್ದಲದಲ್ಲಿ ಗಂಟಲು ಬಿಚ್ಚಿ ಹಾಡಬಹುದಿತ್ತು. ಸ್ವರ ಒಡೆದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಭಾನುವಾರ ಆರ್ಕೆಸ್ಟ್ರಾಕ್ಕೆ ಹಾಡುಗಾರರ ಆಯ್ಕೆ, ನಾನೂ ಹೆಸರು ಕೊಟ್ಟಿದ್ದೆ. ಮೇಲಿನ ಆ ಒಂದು ಸ್ವರ ಇನ್ನೂ ಹಿಡಿತಕ್ಕೆ ಬಂದಿಲ್ಲ.

ಅಷ್ಟರಲ್ಲಿ ಸ್ಪ್ಯಾನರ್ ಬಂದ. ಮೆಷಿನ್ ರಿಪೇರಿಯವನಿಗೆ ನಾವಿಟ್ಟ ಹೆಸರು ಅದು. ಬಹುಮಾನ ಗೆದ್ದವನ ಮುಖ.

"ಹೇಗಿದೆ? ಮೆಷಿನ್ ಕೆಳಗೆ ನಾಲ್ಕು ರಬ್ಬರ್ ಪ್ಯಾಡ್ ಇಟ್ಟೆ. ನಿನ್ನೆ ಡ್ಯೂಟಿ ಮುಗಿದ ಮೇಲೆ ಕೂತು ಹಾಕ್ದೆ, ನಿಮಗೋಸ್ಕರ."

"ನಾನು ಹಾಕಿ ಅಂದ್ನಾ?"

"ಇಲ್ಲ... ಅಷ್ಟು ಸದ್ದಲ್ಲಿ ಪಾಪ ನೀವು—"

"ಪಾಪ ಗೀಪ ಅಂದ್ರೆ ಇದೇ ಬೆಡ್‌ಶೀಟಲ್ಲಿ ಸುತ್ತಿ ಒಳಗೆ ಹಾಕಿ ತಿರುಗಿಸ್ಬಿಡ್ತೀನಿ!"

ಇಸ್ತ್ರಿ ಅಕ್ಕ ಎಲ್ಲರನ್ನೂ ಎಳೆದುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದಳು.

"ಎರಡು ಕೆಲಸ ಬಿಟ್ಟು ಈ ಗದ್ದಲ ಹುಡುಕ್ಕೊಂಡಿದ್ದೆ. ಹಾಡೋಕೆ ನನಗಿರೋದು ಇದೊಂದೇ ಜಾಗ. ಒಂದೇ ಸಂಜೇಲಿ ಕಿತ್ಕೊಂಡ್ರಲ್ಲ!"

ಅವನು ತಲೆ ತಗ್ಗಿಸಿ ಕೈಯ ಗ್ರೀಸು ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಸುಳ್ಳು ಹೇಳ್ದೆ. ನಿಮಗೋಸ್ಕರ ಅಲ್ಲ, ನನಗೋಸ್ಕರ. ಒಂದು ವರ್ಷದಿಂದ ಆ ಬಾಗಿಲ ಗಾಜಿನಾಚೆ ನಿಂತು ನೋಡ್ತಿದ್ದೀನಿ. ನೀವು ಕಣ್ಣು ಮುಚ್ಚೋದು ಕಾಣುತ್ತೆ, ಕತ್ತಿನ ನರ ಉಬ್ಬೋದು ಕಾಣುತ್ತೆ. ಹಾಡು ಮಾತ್ರ ಕೇಳ್ಸಲ್ಲ. ಒಂದೇ ಒಂದು ಸಲ ಕೇಳ್ಬೇಕು ಅನ್ನಿಸ್ತು."

ಎದೆಯಲ್ಲಿ ಏನೋ ಕದಲಿತು. ಕದಲಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಕದ್ದು ಕೇಳೋದಾ? ಅದೂ ಒಡೆದ ಸ್ವರಾನಾ? ನೀನು ಮೆಷಿನ್ ಬಿಚ್ಚಿ ಹರಡ್ಕೊಂಡು ಒದ್ದಾಡ್ತಿರುವಾಗ ನಾಲ್ಕು ಜನ ನಿಂತು ಹಲ್ಲು ಕಿರಿದ್ರೆ ನಿನಗೆ ಹೇಗಿರುತ್ತೆ?"

ಅವನ ಮುಖ ಇಳಿದುಹೋಯಿತು. "ತಪ್ಪಾಯ್ತು," ಎಂದವನೇ ಮೆಷಿನ್ ನಿಲ್ಲಿಸಿ, ಒದ್ದೆ ನೆಲದ ಮೇಲೆ ಅಂಗಾತ ಮಲಗಿ ಕೆಳಗೆ ತೂರಿದ. ಎದ್ದು ಬಂದಾಗ ಬೆನ್ನೆಲ್ಲ ಸೋಪಿನ ನೊರೆ. ನಾಲ್ಕು ಕಪ್ಪು ಪ್ಯಾಡುಗಳನ್ನು ನನ್ನ ಅಂಗೈಯಲ್ಲಿಟ್ಟ.

"ನಿಮ್ಮ ಹತ್ರಾನೇ ಇರಲಿ. ನೀವು ಹಾಕು ಅಂದ್ರೆ ಮಾತ್ರ ಹಾಕ್ತೀನಿ."

ಪ್ಯಾಡುಗಳು ಇನ್ನೂ ಬೆಚ್ಚಗಿದ್ದವು.

"ಭಾನುವಾರ ಹತ್ತು ಗಂಟೆಗೆ ಪುರಭವನದಲ್ಲಿ ಹಾಡುಗಾರರ ಆಯ್ಕೆ ಇದೆ," ಗದರಿದೆ. "ಕೇಳ್ಬೇಕು ಅಂದ್ರೆ ಅಲ್ಲಿಗೆ ಬನ್ನಿ. ಕೊನೇ ಸಾಲಲ್ಲಿ ಕೂತ್ಕೊಳ್ಳಿ."

"ಈಗ 'ಬನ್ನಿ' ಅಂತೀರಾ? ಆಗಲೇ 'ನೀನು' ಅಂದ್ರಿ."

"ಸಿಟ್ಟಲ್ಲಿ ಅಂದೆ."

"ಹಾಗಾದ್ರೆ ಸಿಟ್ಟು ಇಳೀದೇ ಇರಲಿ."

ನಗು ಬರುವ ಮೊದಲೇ ನಾನು ಅತ್ತ ತಿರುಗಿದೆ. ಅವನು ಬಟನ್ ಒತ್ತಿ ಹೊರಗೆ ಹೋಗಿ ಬಾಗಿಲು ಹಾಕಿಕೊಂಡ. ಮೂರನೇ ನಂಬರ್ ಗುಡುಗಿತು. ಕಪಾಟಿನ ಸೋಪು ಡಬ್ಬಿಗಳು ಕುಣಿಯತೊಡಗಿದವು. ಬಾಗಿಲ ಗಾಜಿನ ಮೇಲೆ, ಆಚೆಯಿಂದ, ಒಂದು ಬಿಳಿ ಟವೆಲ್ ಇಳಿಬಿದ್ದು ಅವನ ಮುಖವನ್ನು ಮರೆಮಾಡಿತು.